ನಿರೋಧಕ ತಳಿಯೊಂದಿದ್ದರೆ ಸಾಕೇ?

'ಹೊಲಕ್ಕೆ ಜಂತುಹುಳು ಬಿದ್ದಿದೆಯೇ? ನಿರೋಧಕ ತಳಿ ಹಾಕಿ, ತಲೆನೋವು ಬಿಡಿ.' ಬೀಜದಂಗಡಿಯಲ್ಲಿ, ಕೃಷಿ ಮೇಳದ ಮಳಿಗೆಯಲ್ಲಿ, ಪತ್ರಿಕೆಗಳ ಕೃಷಿ ಪುಟದಲ್ಲಿ, ತಜ್ಞರ ಭಾಷಣದಲ್ಲೂ ಇದೇ ಮಾತು. ಕೇಳಲು ಹಿತವಾಗಿದೆ. ವಿಷ ಎರಚಬೇಕಿಲ್ಲ, ಬೆಳೆ ಬದಲಿಸಬೇಕಿಲ್ಲ, ಹೊಲ ಬೀಳು ಬಿಡಬೇಕಿಲ್ಲ. ಚೀಲದೊಳಗಿನ ಬೀಜವೇ ಎಲ್ಲವನ್ನೂ ನೋಡಿಕೊಳ್ಳುತ್ತದೆ. ಆಲೂಗಡ್ಡೆ, ಶುಂಠಿ, ಗೆಣಸು, ಕ್ಯಾರೆಟ್‌ನಂಥ ನೆಲದೊಳಗೇ ಬೆಳೆದು ನೆಲದೊಳಗೇ ಕೆಡುವ ಬೆಳೆಗಳ ಮಟ್ಟಿಗೆ ಈ ಮಾತು ತಪ್ಪು, ಹಾನಿಕರ ಎಂಬುದು ನನ್ನ ಖಚಿತ ಅಭಿಪ್ರಾಯ. ಇದನ್ನು ನಂಬಿದ ರೈತ ಹೊಲವನ್ನೂ ಕಳೆದುಕೊಳ್ಳುತ್ತಾನೆ, ತಳಿಯನ್ನೂ ಕಳೆದುಕೊಳ್ಳುತ್ತಾನೆ. ತಳಿ ಕೆಟ್ಟರೆ ನಷ್ಟ ಅವನೊಬ್ಬನದಲ್ಲ, ಅದನ್ನು ನೆಚ್ಚಿದ ಎಲ್ಲರದು.

ಕೋಲ್ಕತ್ತದಲ್ಲಿ ಕುಳಿತು ಇದನ್ನು ಬರೆಯುವುದಕ್ಕೆ ಕಾರಣವಿದೆ. ಇಲ್ಲಿಯ ಲೇಕ್ ಮಾರ್ಕೆಟ್ಟಿನಲ್ಲಿ, ದಕ್ಷಿಣದವರು ನುಗ್ಗೆಕಾಯಿಗೆ, ಕಾಫಿಪುಡಿಗೆ ಹೋಗುವ ಆ ಬೀದಿಗಳಲ್ಲಿ, ಬರೀ ಆಲೂಗಡ್ಡೆ ಕೊಡಿ ಎಂದರೆ ಅಂಗಡಿಯವನು ಜ್ಯೋತಿಯೋ ಚಂದ್ರಮುಖಿಯೋ ಎಂದು ತಿರುಗಿ ಕೇಳುತ್ತಾನೆ. ಚಂದ್ರಮುಖಿಗೆ ಬೆಲೆ ಹೆಚ್ಚು, ಜ್ಯೋತಿ ದಿನಬಳಕೆಯದು. ಎರಡೂ ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಹೊರತಂದ ತಳಿಗಳು. ಹೂಗ್ಲಿ ಜಿಲ್ಲೆಯ ತಾರಕೇಶ್ವರ, ಆರಾಮ್‌ಬಾಗ್, ಬರ್ಧಮಾನದ ಮೇಮಾರಿ ಕಡೆಯ ಹೊಲಗಳಿಂದ ಈ ಮೂಟೆಗಳು ಬರುತ್ತವೆ. ಆಲೂಗಡ್ಡೆ ಬೆಳೆಯುವುದರಲ್ಲಿ ಉತ್ತರ ಪ್ರದೇಶದ ನಂತರದ ಸ್ಥಾನ ಪಶ್ಚಿಮ ಬಂಗಾಳದ್ದೇ. ಹಾಸನದ ರೈತರಿಗೂ ಜ್ಯೋತಿ ಹೊಸದಲ್ಲ. ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಗೆ ಜಲಂಧರ್‌ನಿಂದ ಲಾರಿಗಳಲ್ಲಿ ಬಂದಿಳಿಯುವ ಬಿತ್ತನೆ ಗಡ್ಡೆಯಲ್ಲಿ ಬಹುಪಾಲು ಅದೇ. ಬಂಗಾಳದವರೂ ಬಿತ್ತನೆಗೆ ಪಂಜಾಬನ್ನೇ ನೆಚ್ಚಿದ್ದಾರೆ. ತಳಿ ಒಂದೇ, ಬಿತ್ತನೆ ಬರುವ ಊರೂ ಒಂದೇ, ನೆಲ ಮಾತ್ರ ಬೇರೆ.

ಈ ಜ್ಯೋತಿಗೆ ಬೇರುಗಂಟು ಜಂತುಹುಳುವನ್ನು ತಡೆಯುವ ಶಕ್ತಿ ಇಲ್ಲ. ಹಾಗಿದ್ದೂ ಬಂಗಾಳ ವರ್ಷವರ್ಷವೂ ಇದನ್ನೇ ರಾಶಿರಾಶಿ ಬೆಳೆಯುತ್ತದೆ. ಹೇಗೆ? ಉತ್ತರ ತಳಿಯಲ್ಲಿಲ್ಲ, ಹೊಲದಲ್ಲಿದೆ. ಹೂಗ್ಲಿಯಲ್ಲಿ ಆಲೂಗಡ್ಡೆಗೆ ಮುಂಚೆ ಅದೇ ಹೊಲದಲ್ಲಿ ಮಳೆಗಾಲದ ಅಮನ್ ಭತ್ತ ನಿಂತಿರುತ್ತದೆ. ತಿಂಗಳುಗಟ್ಟಲೆ ನೀರು ನಿಂತ ಮಣ್ಣಿನಲ್ಲಿ ಗಾಳಿಯಾಡದೆ ಈ ಹುಳುಗಳು ಉಸಿರುಗಟ್ಟಿ ಸಾಯುತ್ತವೆ. ನವೆಂಬರ್‌ನಲ್ಲಿ ಆಲೂ ಬಿತ್ತುವ ಹೊತ್ತಿಗೆ ಚಳಿ ಶುರು. ಚಳಿಯಲ್ಲಿ ಉಳಿದ ಹುಳುವಿನ ಬೆಳವಣಿಗೆ ನಿಧಾನ. ಫೆಬ್ರವರಿ–ಮಾರ್ಚ್‌ನಲ್ಲಿ ಗಡ್ಡೆ ಕಿತ್ತ ಮೇಲೆ ಹಲವರು ಎಳ್ಳು ಬಿತ್ತುತ್ತಾರೆ, ಎಳ್ಳು ಈ ಹುಳುವಿಗೆ ಅಷ್ಟಾಗಿ ಒಗ್ಗುವ ಬೆಳೆಯಲ್ಲ. ಬಂಗಾಳದ ಆಲೂಗಡ್ಡೆಯನ್ನು ಇಷ್ಟು ದಿನ ಕಾಪಾಡಿರುವುದು ಭತ್ತದ ಗದ್ದೆಯ ನೀರು, ಚಳಿಗಾಲ ಮತ್ತು ರೈತನ ಬೆಳೆ ಸರದಿ. ಈ ಮೂರರ ಹೆಸರೂ ನಿರೋಧಕ ತಳಿಯ ಪ್ರಚಾರದಲ್ಲಿ ಎಲ್ಲೂ ಬರುವುದಿಲ್ಲ.

ಇದಕ್ಕೆ ಎದುರು ಸಾಕ್ಷಿಯೂ ಕೋಲ್ಕತ್ತದ ಸುತ್ತಲೇ ಸಿಗುತ್ತದೆ. ನದಿಯಾ ಮತ್ತು ಇಪ್ಪತ್ತನಾಲ್ಕು ಪರಗಣಗಳ ತರಕಾರಿ ತೋಟಗಳಲ್ಲಿ ಭತ್ತ ಹೋಗಿ ವರ್ಷವಿಡೀ ಬದನೆ, ಬೆಂಡೆ, ಪೊಟೋಲ್ ಬಂದಿವೆ. ಪೊಟೋಲ್ ಎಂದರೆ ಬಂಗಾಳಿಗಳ ಅಚ್ಚುಮೆಚ್ಚಿನ, ತೊಂಡೆಗಿಂತ ದಪ್ಪನೆಯ ಬಳ್ಳಿಕಾಯಿ. ಇದನ್ನು ಬಳ್ಳಿ ತುಂಡಿನಿಂದಲೂ ಬೇರಿನಿಂದಲೂ ಹಚ್ಚುತ್ತಾರೆ. ಒಮ್ಮೆ ಹಚ್ಚಿದರೆ ತಿಂಗಳುಗಟ್ಟಲೆ ಹೊಲದಲ್ಲೇ ಇರುತ್ತದೆ. ಬೇರುಗಂಟು ಹುಳುವಿಗೆ ಇದಕ್ಕಿಂತ ಒಳ್ಳೆಯ ಆಶ್ರಯ ಬೇಡ. ಮೋಹನ್‌ಪುರದ ಬಿಧಾನ್ ಚಂದ್ರ ಕೃಷಿ ವಿಶ್ವವಿದ್ಯಾಲಯದ ಜಂತುಹುಳು ವಿಜ್ಞಾನಿಗಳು ಪೊಟೋಲ್‌ನ ಬೇರುಗಂಟಿನ ಮೇಲೆ ಬಹಳ ಕಾಲದಿಂದ ಕೆಲಸ ಮಾಡುತ್ತಿದ್ದಾರೆ. ನೀರು ನಿಲ್ಲದ, ಸರದಿ ಇಲ್ಲದ ಹೊಲದಲ್ಲಿ ಹುಳು ಏಳುತ್ತದೆ. ನೀರು ನಿಂತ, ಸರದಿ ಇರುವ ಹೊಲದಲ್ಲಿ ಅಡಗುತ್ತದೆ. ಹುಳುವಿನ ಏಳುಬೀಳು ಹೊಲದ ಕ್ರಮಕ್ಕೆ ಕಟ್ಟುಬಿದ್ದಿದೆ. ಹಾಸನದ ಮಳೆಯಾಶ್ರಿತ ಕೆಂಪು ಮಣ್ಣಿಗೆ ಆ ಭತ್ತದ ನೀರೂ ಇಲ್ಲ, ಆ ಚಳಿಯೂ ಇಲ್ಲ. ಜೂನ್‌ನ ಬೆಚ್ಚಗಿನ ನೆಲಕ್ಕೆ ಅದೇ ಗಡ್ಡೆ ಬೀಳುತ್ತದೆ. ಹೂಗ್ಲಿಯಲ್ಲಿ ನಡೆದದ್ದು ಅಲ್ಲಿ ನಡೆಯುವುದಿಲ್ಲ.

ಹುಳುವಿನ ಬದುಕು ಹೇಗೆಂದು ತಿಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮೊಟ್ಟೆಯೊಡೆದು ಬಂದ ಮರಿ ಅರ್ಧ ಮಿಲಿಮೀಟರಿಗೂ ಕಡಿಮೆ. ಮಣ್ಣಿನ ಕಣಗಳಿಗೆ ಅಂಟಿದ ನೀರಿನ ಪೊರೆಯಲ್ಲಿ ಈಜಿ ಬಂದು ಬೇರಿನ ತುದಿಯ ಬಳಿ ಒಳಹೊಕ್ಕು ಒಂದೆಡೆ ನೆಲೆ ಹಿಡಿಯುತ್ತದೆ. ಅದರ ಬಾಯಿರಸ ತಾಗಿದ ಕೆಲವು ಜೀವಕೋಶಗಳು ಊದಿ ದೈತ್ಯಕೋಶಗಳಾಗುತ್ತವೆ. ಗಡ್ಡೆಗೆ ಇಳಿಯಬೇಕಿದ್ದ ಆಹಾರ ಅತ್ತ ಹರಿಯುತ್ತದೆ. ಹೆಣ್ಣಿಗೆ ಕತ್ತು ಸಣ್ಣ, ಹೊಟ್ಟೆ ಗುಂಡು. ಗಂಡಿನ ಹಂಗಿಲ್ಲದೆಯೇ ನೂರಾರು ಮೊಟ್ಟೆಗಳನ್ನು ಲೋಳೆಯ ಮುದ್ದೆಯಲ್ಲಿ ಇಡುತ್ತದೆ. ನೆಲ 27 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸುಮಾರು ಒಂದು ತಿಂಗಳಿಗೆ ಒಂದು ಪೀಳಿಗೆ. ಚಳಿಯಲ್ಲಿ ಅದು ಎರಡು ತಿಂಗಳಿಗೂ ಎಳೆಯಬಹುದು. ತೊಂಬತ್ತು ದಿನದ ಬೆಳೆಯಲ್ಲಿ ಒಂದು ಪೀಳಿಗೆಯೋ ಮೂರು ಪೀಳಿಗೆಯೋ ಎಂಬುದರ ಮೇಲೆ ಬೆಳೆಯ ಹಣೆಬರಹ ನಿಂತಿದೆ. ಮೈಯೆಲ್ಲ ಗಂಟುಗಂಟಾದ ಆಲೂಗಡ್ಡೆ ಸಿಕ್ಕಿದರೆ ಸಿಪ್ಪೆಯ ಪಕ್ಕದಲ್ಲೇ ತೆಳುವಾಗಿ ಕೊಯ್ದು ಭೂತಗನ್ನಡಿ ಹಿಡಿದು ನೋಡಿ. ಒಂದೆರಡು ಮಿಲಿಮೀಟರ್ ಆಳದಲ್ಲೇ ಸಣ್ಣ ಕಂದು ಚುಕ್ಕೆಗಳು. ಚುಕ್ಕೆಯ ನಡುವೆ ಸೂಜಿಮೊನೆಯಷ್ಟು, ಮುತ್ತಿನ ಬಣ್ಣದ, ಹೊಳೆಯುವ ಹೆಣ್ಣುಹುಳು. ಮಾಲೂರು, ಚಿಕ್ಕಬಳ್ಳಾಪುರ ಕಡೆಯ ಕ್ಯಾರೆಟ್ಟಿನಲ್ಲಿ ಇದೇ ಕುಲದ ಹುಳು ಬೇರಿನ ತುದಿಯನ್ನು ಕೆಡಿಸಿದಾಗ ಬೇರು ಕವಲೊಡೆದು ಎರಡು ಮೂರು ಕಾಲು ಬಿಡುತ್ತದೆ. ಅಂಥ ಕ್ಯಾರೆಟ್ಟನ್ನು ವ್ಯಾಪಾರಿ ನೋಡಿದೊಡನೆ ಪಕ್ಕಕ್ಕೆ ಎಸೆಯುತ್ತಾನೆ. ತೂಕದಲ್ಲಿ ನಷ್ಟವಾಗದಿದ್ದರೂ ರೈತನಿಗೆ ಬೆಲೆಯಲ್ಲಿ ಪೂರ್ತಿ ನಷ್ಟ.

ನಿರೋಧಕ ತಳಿ ಮಾಡುವುದೇನು? ಒಳಹೊಕ್ಕ ಮರಿಯ ರಸವನ್ನು ಗಿಡ ಗುರುತು ಹಿಡಿಯುತ್ತದೆ, ಸುತ್ತಲಿನ ತನ್ನದೇ ಜೀವಕೋಶಗಳನ್ನು ಸಾಯಿಸಿ ಹುಳುವಿಗೆ ಊಟ ಸಿಗದಂತೆ ಮಾಡುತ್ತದೆ. ಎಲ್ಲವೂ ಆ ಗುರುತಿನ ಮೇಲೆ ನಿಂತಿದೆ. ಬೇರುಗಂಟು ಹುಳುವಿನಲ್ಲಿ ಇನ್‌ಕಾಗ್ನಿಟಾ, ಜಾವಾನಿಕಾ, ಅರೆನೇರಿಯಾ, ಹಾಪ್ಲಾ ಎಂಬ ನಾಲ್ಕು ಪ್ರಭೇದಗಳು ಮುಖ್ಯವಾದರೂ ಒಟ್ಟು ಹತ್ತಾರು ಪ್ರಭೇದಗಳಿವೆ. ಇನ್‌ಕಾಗ್ನಿಟಾ ಒಂದರಲ್ಲೇ ನಾಲ್ಕು ಉಪಜಾತಿಗಳನ್ನು ಬೇರ್ಪಡಿಸಿದ್ದಾರೆ. ಒಂದನ್ನು ಗುರುತು ಹಿಡಿದ ಗಿಡ ಇನ್ನೊಂದನ್ನು ಗುರುತು ಹಿಡಿಯಬೇಕೆಂದಿಲ್ಲ. ಚೀಲದ ಮೇಲೆ 'ಜಂತುಹುಳು ನಿರೋಧಕ' ಎಂದು ಮಾತ್ರ ಅಚ್ಚಾಗಿದ್ದರೆ ಯಾವ ಹುಳುವಿಗೆ ಎಂದು ಕೇಳುವ ಹಕ್ಕು ರೈತನಿಗಿದೆ. ಇವತ್ತು ಆ ಪ್ರಶ್ನೆಗೆ ಮಾರುವವನಲ್ಲೂ ಉತ್ತರವಿಲ್ಲ, ಕೊಳ್ಳುವವನಿಗೂ ಪ್ರಶ್ನೆ ಹೊಳೆಯುವುದಿಲ್ಲ.

ಇಂಗ್ಲೆಂಡಿನಲ್ಲಿ ಇದೇ ತಪ್ಪು ಇಡೀ ದೇಶದ ಮಟ್ಟದಲ್ಲಿ ನಡೆಯಿತು. ಆಲೂಗಡ್ಡೆಯ ಸಿಸ್ಟ್ ಜಂತುಹುಳು ಬೇರುಗಂಟಿನ ಹುಳುವಿಗಿಂತ ಬೇರೆ ಬಗೆಯದು. ಸತ್ತ ಹೆಣ್ಣಿನ ಮೈಚರ್ಮವೇ ಗಟ್ಟಿಯಾದ ಚಿಪ್ಪಾಗಿ, ಅದರೊಳಗೆ ನೂರಾರು ಮೊಟ್ಟೆಗಳು ಇಪ್ಪತ್ತು ವರ್ಷದವರೆಗೂ ಜೀವ ಹಿಡಿದಿರಬಲ್ಲವು. ಆಲೂಗಡ್ಡೆಯ ಬೇರಿನ ರಸ ತಾಗಿದಾಗ ಒಡೆಯುತ್ತವೆ. 1950ರ ದಶಕದ ಆರಂಭದಲ್ಲಿ ವಿಜ್ಞಾನಿ ಕಾನ್ರಾಡ್ ಎಲೆನ್‌ಬಿ ದಕ್ಷಿಣ ಅಮೆರಿಕದ ಆಲೂಗಡ್ಡೆಯೊಂದರಲ್ಲಿ ಇದಕ್ಕೆ ನಿರೋಧಕ ಗುಣ ಕಂಡರು. ಆ ಜೀನಿಗೆ ಎಚ್1 ಎಂದು ಹೆಸರಾಯಿತು. ಅದನ್ನು ಹೊತ್ತ ಮೇರಿಸ್ ಪೈಪರ್ ತಳಿ 1960ರ ದಶಕದಲ್ಲಿ ಕೇಂಬ್ರಿಡ್ಜ್‌ನಿಂದ ಹೊರಬಂದು ಬ್ರಿಟನ್ನಿನ ಹೊಲಗಳನ್ನೆಲ್ಲ ಆವರಿಸಿತು. ಕರಿಯಲಿಕ್ಕೂ ರುಚಿ, ಹುಳುವಿಗೂ ತಡೆ, ಯಾರಿಗೆ ಬೇಡ? ಆದರೆ ಎಚ್1 ತಡೆಯುತ್ತಿದ್ದದ್ದು ರೊಸ್ಟೊಕಿಯೆನ್ಸಿಸ್ ಎಂಬ ಒಂದು ಹುಳುವನ್ನು. ಅದೇ ಹೊಲಗಳಲ್ಲಿ ಇದ್ದ, ನೋಡಲು ಅಂಥದೇ ಆದ ಇನ್ನೊಂದು ಹುಳುವಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಆ ಇನ್ನೊಂದನ್ನು ಪ್ಯಾಲಿಡಾ ಎಂಬ ಬೇರೆ ಪ್ರಭೇದವೆಂದು ವಿಜ್ಞಾನ ಒಪ್ಪಿಕೊಂಡದ್ದೇ 1973ರಲ್ಲಿ. ಅಷ್ಟು ಹೊತ್ತಿಗೆ ನಿರೋಧಕ ತಳಿ ಒಂದನ್ನು ಹಿಂದಕ್ಕೆ ತಳ್ಳಿ ಇನ್ನೊಂದಕ್ಕೆ ಜಾಗ ಬಿಡಿಸಿಯಾಗಿತ್ತು. 1990ರ ದಶಕದ ಕೊನೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೊಲಗಳನ್ನು ತಪಾಸಣೆ ಮಾಡಿದಾಗ ಹುಳು ಸಿಕ್ಕ ಹೊಲಗಳ ಪೈಕಿ ಸುಮಾರು ಮೂರನೇ ಎರಡು ಭಾಗದಲ್ಲಿ ಪ್ಯಾಲಿಡಾ ಒಂದೇ ಇತ್ತು. ಪ್ಯಾಲಿಡಾಗೆ ಅಷ್ಟೇ ಬಲವಾದ, ಒಂದೇ ಜೀನಿನ ಸುಲಭ ತಡೆ ಸಿಗಲಿಲ್ಲ. ಹಣ, ಪ್ರಯೋಗಾಲಯ, ನುರಿತ ವಿಜ್ಞಾನಿಗಳು ಎಲ್ಲವೂ ಇದ್ದ ದೇಶದಲ್ಲಿ ಇದಾಯಿತು. ಮಣ್ಣಿನಲ್ಲಿ ಏನಿದೆ ಎಂದು ನೋಡುವ ಮೊದಲೇ ಒಳ್ಳೆಯ ತಳಿಯನ್ನು ಎಲ್ಲೆಲ್ಲೂ ಹಾಕಿದ್ದೇ ಇದಕ್ಕೆ ಕಾರಣ ಎಂದು ನಾನು ತಿಳಿಯುತ್ತೇನೆ.

ನಮ್ಮ ಪಕ್ಕದ ನೀಲಗಿರಿಯಲ್ಲೂ ಈ ಸಿಸ್ಟ್ ಹುಳು ಇದೆ. 1961ರಲ್ಲಿ ಬ್ರಿಟಿಷ್ ವಿಜ್ಞಾನಿ ಎಫ್.ಜಿ.ಡಬ್ಲ್ಯು. ಜೋನ್ಸ್ ಅದನ್ನು ಅಲ್ಲಿ ಗುರುತಿಸಿದರು. ನಂತರ ಎರಡೂ ಪ್ರಭೇದಗಳು ಸಿಕ್ಕವು. 1985ರಲ್ಲಿ ಬಂದ ಕುಫ್ರಿ ಸ್ವರ್ಣ ತಳಿಯು ವರ್ನಿಯೈ ಎಂಬ ಕಾಡು ಆಲೂಗಡ್ಡೆಯ ಮೂಲದಿಂದ ಎರಡಕ್ಕೂ ತಾಳುವ ಗುಣ ಪಡೆದದ್ದು. ನಮ್ಮ ವಿಜ್ಞಾನಿಗಳ ಆ ಕೆಲಸಕ್ಕೆ ನಾನು ತಲೆಬಾಗುತ್ತೇನೆ. ಒಳ್ಳೆಯ ತಳಿ ನಮ್ಮಲ್ಲೇ ಇದ್ದೂ 2018ರ ಹೊತ್ತಿಗೆ ಇದೇ ಹುಳು ಹಿಮಾಚಲ, ಉತ್ತರಾಖಂಡ, ಜಮ್ಮು–ಕಾಶ್ಮೀರದ ಬೆಟ್ಟಗಳಲ್ಲಿ ಸಿಕ್ಕಿತು. ಅಲ್ಲಿಂದ ಬಿತ್ತನೆ ಗಡ್ಡೆ ಹೊರಗೆ ಹೋಗದಂತೆ ಕೇಂದ್ರ ಸರ್ಕಾರ ನಿರ್ಬಂಧ ಹಾಕಬೇಕಾಯಿತು. ಗಡ್ಡೆಗೆ ಅಂಟಿದ ಮಣ್ಣಿನ ಜೊತೆ ಸಾಗುವ ಹುಳುವನ್ನು ಯಾವ ತಳಿಯೂ ದಾರಿಯಲ್ಲಿ ತಡೆದು ನಿಲ್ಲಿಸುವುದಿಲ್ಲ. ಅದು ತಪಾಸಣೆಯವರ ಕೆಲಸ.

ತಳಿಯ ತಾಳಿಕೆ ಎಂದೆಂದಿಗೂ ಉಳಿಯುವುದಿಲ್ಲ ಎಂಬುದಕ್ಕೆ ಜ್ಯೋತಿಯ ಕಥೆಯೇ ಸಾಕ್ಷಿ. 1968ರಲ್ಲಿ ಬಂದಾಗ ಅದು ಅಂಗಮಾರಿಗೆ ತಾಳುವ ತಳಿ ಎಂದು ಹೆಸರು ಮಾಡಿತ್ತು. ಆ ತಾಳಿಕೆ ಎಷ್ಟು ದಿನ ಉಳಿಯಿತು ಎಂಬುದನ್ನು ಹಾಸನ, ಅರಕಲಗೂಡು ಕಡೆಯ ರೈತರಿಗೆ ಹೊಸದಾಗಿ ಹೇಳಬೇಕಿಲ್ಲ. ಅಂಗಮಾರಿಯಿಂದಾಗಿಯೇ ಎಷ್ಟೋ ಮಂದಿ ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳ, ಶುಂಠಿಗೆ ಹೋದರು. ಅಂಗಮಾರಿಯ ರೋಗಾಣು ಗಾಳಿಯಲ್ಲಿ ಬರುತ್ತದೆ, ಬೇಗ ಬದಲಾಗುತ್ತದೆ. ಜಂತುಹುಳು ನೆಲದಲ್ಲೇ ಕೂತು ನಿಧಾನ ಬದಲಾಗುತ್ತದೆ. ಆದ್ದರಿಂದ ಜಂತುಹುಳು ನಿರೋಧಕ ತಳಿ ಬೇಗ ಸೋಲುವುದಿಲ್ಲ ಎಂದು ವಾದಿಸುವವರಿದ್ದಾರೆ. ನಿಧಾನ ಎಂದರೆ ಇಲ್ಲ ಎಂದಲ್ಲ. ನಿಧಾನವಾದ್ದರಿಂದಲೇ ಯಾರೂ ಲೆಕ್ಕ ಇಡುವುದಿಲ್ಲ. ಸೋಲು ಕಣ್ಣಿಗೆ ಬೀಳುವಾಗ ಹೊಲದಲ್ಲಿ ಇರುವುದೆಲ್ಲ ಆ ತಳಿಯನ್ನು ಗೆದ್ದ ಹುಳುಗಳೇ.

ಇದರ ಜೊತೆಗೆ ಇನ್ನೊಂದು ಗೊಂದಲವನ್ನು ಬೇಕೆಂದೇ ಬೆಳೆಸಲಾಗಿದೆ ಎನಿಸುತ್ತದೆ ನನಗೆ. ಹುಳುವನ್ನು ಬೆಳೆಯಗೊಡದ ಗಿಡ ಬೇರೆ, ಹುಳು ತಿಂದರೂ ಇಳುವರಿ ಕೊಡುವ ಗಿಡ ಬೇರೆ. ಮೊದಲನೆಯದು ನಿರೋಧಕ, ಎರಡನೆಯದು ಸಹಿಷ್ಣು. ಅಂಗಡಿಯಲ್ಲಿ ಎರಡಕ್ಕೂ ಒಂದೇ ಹೆಸರು. ಸಹಿಷ್ಣು ತಳಿ ಹಾಕಿದ ರೈತ ಈ ವರ್ಷ ಖುಷಿಯಾಗಿರುತ್ತಾನೆ. ಅವನ ನೆಲದಲ್ಲಿ ಹುಳು ಆರಾಮವಾಗಿ ತಿಂದು ಮೊಟ್ಟೆಯಿಟ್ಟು ಹತ್ತಾರು ಪಟ್ಟು ಹೆಚ್ಚುತ್ತದೆ. ಮುಂದಿನ ವರ್ಷ ಅದೇ ಹೊಲಕ್ಕೆ ಟೊಮೆಟೊ ಅಥವಾ ಬೀನ್ಸ್ ಹಾಕಿದಾಗ ಇಡೀ ಬೆಳೆ ನೆಲಕಚ್ಚುತ್ತದೆ, ಆಗ ಬೈಗುಳ ಟೊಮೆಟೊ ಬೀಜಕ್ಕೆ. ಗೊಬ್ಬರ ಜಾಸ್ತಿಯಾಯಿತು, ನೀರು ಹೆಚ್ಚಾಯಿತು ಎಂದು ಕಾರಣ ಹುಡುಕುತ್ತಾರೆ. ಹಿಂದಿನ ವರ್ಷ ಹೊಲದಲ್ಲಿ ಹುಳು ಸಾಕಿದ ತಳಿಯನ್ನು ಯಾರೂ ನೆನೆಯುವುದಿಲ್ಲ.

ಬಿಸಿಲಿನ ಲೆಕ್ಕವೂ ಇದೆ. ಟೊಮೆಟೊದಲ್ಲಿ ಎಂಐ ಎಂಬ ಜೀನ್ ಪ್ರಪಂಚದಾದ್ಯಂತ ಬಳಕೆಯಲ್ಲಿದೆ. ಪೆರುವಿನ ಕಾಡು ಟೊಮೆಟೊದಿಂದ 1940ರ ದಶಕದಲ್ಲಿ ತಂದದ್ದು. ಮಣ್ಣು 28 ಡಿಗ್ರಿ ದಾಟಿದರೆ ಅದು ಕೆಲಸ ಮಾಡುವುದಿಲ್ಲ. ಕೋಲಾರದ ಬೇಸಿಗೆ ಬೆಳೆಯಲ್ಲಿ, ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿದ ಏರಿಯ ಒಳಗೆ, ಪಾಲಿಹೌಸಿನ ಮಣ್ಣಿನಲ್ಲಿ 28 ಡಿಗ್ರಿ ಯಾವ ಲೆಕ್ಕ? ಟೊಮೆಟೊ ಗೆಡ್ಡೆ ಬೆಳೆಯಲ್ಲ, ನಿಜ. ಆದರೆ ತಂಪು ದೇಶದಲ್ಲಿ ಗೆದ್ದ ಜೀನ್ ನಮ್ಮ ನೆಲದಲ್ಲೂ ಗೆಲ್ಲುತ್ತದೆ ಎಂಬ ಊಹೆ ಗೆಡ್ಡೆ ಬೆಳೆಗಳ ತಳಿಗಳಿಗೂ ಹಾಗೇ ಅಂಟಿಕೊಂಡಿದೆ. ನಮ್ಮ ನೆಲದ ಬಿಸಿಯಲ್ಲಿ ಒರೆಗೆ ಹಚ್ಚದೆ ಯಾವ ನಿರೋಧಕ ತಳಿಯನ್ನೂ ಮಾರಬಾರದು.

ಕರ್ನಾಟಕದಲ್ಲಿ ನಿರೋಧಕ ತಳಿಯ ಮಾತು ಅತಿ ಹೆಚ್ಚು ಕೇಳಿಬರುವುದು ಶುಂಠಿಯಲ್ಲಿ. ಕೊಡಗು, ಹಾಸನ, ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಕಡೆ ಗುತ್ತಿಗೆಗೆ ನೆಲ ಹಿಡಿದು ಒಂದು ಬೆಳೆ ತೆಗೆದು ಮುಂದಿನ ವರ್ಷ ಬೇರೆ ನೆಲಕ್ಕೆ ಹೋಗುವ ಪದ್ಧತಿ ಎಲ್ಲರಿಗೂ ಗೊತ್ತು. ಬಿತ್ತನೆ ಶುಂಠಿ ಹಳೆ ನೆಲದ ಮಣ್ಣಿನೊಂದಿಗೆ ಹೊಸ ನೆಲಕ್ಕೆ ಹೋಗುತ್ತದೆ. ಅದರೊಳಗೆ ಹುಳು, ಮೊಟ್ಟೆ, ಗೆಡ್ಡೆ ಕೊಳೆಯ ರೋಗಾಣು ಎಲ್ಲವೂ. ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಬೇರುಗಂಟು ಹುಳುವಿಗೆ ತಾಳುವ ಮಹಿಮಾ ಎಂಬ ತಳಿ ಕೊಟ್ಟಿದೆ; ಒಳ್ಳೆಯ ತಳಿ. ಆದರೆ ಶುಂಠಿಗೆ ಬೇರುಗಂಟು ಒಂದೇ ಶತ್ರುವಲ್ಲ. ಬೇರು ಕೊರೆಯುವ ರಾಡೊಫೋಲಸ್, ಗಾಯ ಮಾಡುತ್ತ ಸಾಗುವ ಪ್ರಾಟಿಲೆಂಕಸ್ ಬೇರೆ ಕುಲದವು. ಪ್ರಾಟಿಲೆಂಕಸ್ ಕೊಡಗಿನ ಕಾಫಿ ತೋಟಗಳಲ್ಲಿ ಹಳೆಯ ನಿವಾಸಿ. ಹುಳು ಮಾಡಿದ ಗಾಯದ ಮೂಲಕ ಕೊಳೆ ರೋಗ ಒಳಸೇರುತ್ತದೆ. ಹಳದಿಯಾಗಿ ಒರಗಿದ ಗಿಡ ಕಂಡಾಗ ನಾವು ಕೊಳೆ ಎಂದು ಹೆಸರಿಡುತ್ತೇವೆ, ಮೊದಲು ಬಾಗಿಲು ತೆರೆದದ್ದು ಯಾರೆಂದು ನೋಡುವುದಿಲ್ಲ. ಬೆಳೆ ಮುಗಿದ ಮೇಲೆ ಗುತ್ತಿಗೆದಾರ ಹೊರಡುತ್ತಾನೆ. ಹುಳು ನೆಲದ ಯಜಮಾನನಿಗೆ ಉಳಿಯುತ್ತದೆ. ತಳಿ ನಿರೋಧಕವಾಗಿದ್ದರೂ ಅದು ತಡೆಯದ ಬೇರೆ ಹುಳುವನ್ನು ಗುತ್ತಿಗೆದಾರ ಬಿಟ್ಟು ಹೋಗಬಹುದು. ಈ ಅನ್ಯಾಯಕ್ಕೆ ತಳಿ ಪರಿಹಾರವಾಗುವುದಿಲ್ಲ. ಗುತ್ತಿಗೆ ಪತ್ರದಲ್ಲಿ ನೆಲ ಕೊಡುವಾಗ ಒಂದು ಮಣ್ಣಿನ ಪರೀಕ್ಷೆ, ಬಿಡುವಾಗ ಒಂದು ಪರೀಕ್ಷೆ ಎಂದು ಬರೆಸಿಕೊಂಡರೆ ಆಗುತ್ತದೆ.

ನಿರೋಧಕ ತಳಿಯನ್ನು ಸರಿಯಾಗಿ ಬಳಸಿದ ಉದಾಹರಣೆಯೂ ನಮ್ಮ ಪಕ್ಕದಲ್ಲೇ ಇದೆ, ಅದನ್ನು ಮೆಚ್ಚಿಯೇ ಹೇಳಬೇಕು. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಶ್ರೀಭದ್ರ ಎಂಬ ಗೆಣಸಿನ ತಳಿ ಹೊರತಂದಿತು. ಅದರ ಬೇರು ಹುಳುವಿನ ಮರಿಯನ್ನು ಒಳಗೆ ಬರಗೊಡುತ್ತದೆ, ಆದರೆ ಬೆಳೆಯಗೊಡುವುದಿಲ್ಲ. ಒಳಹೊಕ್ಕ ಮರಿ ಹೊರಬರಲಾರದು, ಮೊಟ್ಟೆಯಿಡಲಾರದು. ಹೊಲದಲ್ಲಿರುವ ಹುಳುಗಳನ್ನು ಗೆಣಸಿನ ಬೇರು ಹೀಗೆ ಬಲೆಗೆ ಕೆಡವಿ ಕಡಿಮೆ ಮಾಡುತ್ತದೆ. ಆಮೇಲೆ ಅದೇ ಹೊಲಕ್ಕೆ ಹುಳುವಿಗೆ ಬೇಗ ಸೋಲುವ ಸಾಂಬ್ರಾಣಿ ಗೆಡ್ಡೆ ಹಾಕುತ್ತಾರೆ. ಕಾಸರಗೋಡು, ದಕ್ಷಿಣ ಕನ್ನಡದ ಮನೆಗಳಲ್ಲಿ ಮಳೆಗಾಲ ಮುಗಿದ ಮೇಲೆ ಸಿಪ್ಪೆ ತಿಕ್ಕಿ ತೆಗೆದು ಪಲ್ಯ ಮಾಡುವ ಅದೇ ಗೆಡ್ಡೆ. ಇಲ್ಲಿ ನಿರೋಧಕ ತಳಿ ಸರದಿಯ ಒಂದು ಭಾಗವಾಗಿದೆ. ಇದು ನಾನು ಒಪ್ಪುವ ಬಳಕೆ. ಬೆಳಗಾವಿ, ಖಾನಾಪುರದ ಗೆಣಸು ಬೆಳೆಗಾರರು ಇದನ್ನು ಪರೀಕ್ಷಿಸಬೇಕು. ನೆಲದ ಮೇಲಿನ ಬಳ್ಳಿ ತುಂಡು ನೆಟ್ಟರೆ ಹುಳು ಸಾಗುವ ಅಪಾಯ ಕಡಿಮೆ, ಗೆಡ್ಡೆಯಿಂದ ಚಿಗುರಿಸಿ ನೆಟ್ಟರೆ ಹೆಚ್ಚು ಎಂಬುದನ್ನೂ ಜೊತೆಗೇ ಗಮನದಲ್ಲಿಡಬೇಕು.

ಅಮೆರಿಕದ ಉತ್ತರ ಕ್ಯಾರೊಲೈನಾದಲ್ಲಿ ಗೆಣಸಿಗೇ ಆದದ್ದು ಇದರ ಇನ್ನೊಂದು ಮುಖ. ಅಲ್ಲಿಯ ರೈತರು 2005ರ ಕವಿಂಗ್ಟನ್ ತಳಿಯನ್ನು ರಾಜ್ಯದ ಬಹುಪಾಲು ಹೊಲಗಳಿಗೆ ಹಾಕಿದರು. ಅದು ಇನ್‌ಕಾಗ್ನಿಟಾ ಹುಳುವಿಗೆ ತಾಳುತ್ತದೆ. ಆಮೇಲೆ ಎಂಟರೊಲೋಬಿಯೈ ಎಂಬ ಬೇರೆ ಹುಳು ಬಂತು. ಕವಿಂಗ್ಟನ್‌ಗೆ ಅದನ್ನು ತಡೆಯಲು ಆಗಲಿಲ್ಲ. ಗೆಣಸಿನ ಮೈ ಬಿರುಕು ಬಿಟ್ಟು ಗಂಟುಗಂಟಾಗಿ ಮಾರುಕಟ್ಟೆಗೆ ನಾಲಾಯಕ್ಕಾಯಿತು. ಬೇರೆ ರಾಜ್ಯಗಳು ಅಲ್ಲಿಯ ಗೆಣಸಿನ ಸಸಿ ತಡೆದವು. ಇದೇ ಎಂಟರೊಲೋಬಿಯೈ ತಮಿಳುನಾಡಿನ ಸೀಬೆ ತೋಟಗಳಲ್ಲಿ ಸಿಕ್ಕಿ ಕೆಲವು ವರ್ಷಗಳೇ ಆಗಿವೆ. ಇದು ಟೊಮೆಟೊದ ಎಂಐ ಜೀನನ್ನೂ ಲೆಕ್ಕಿಸುವುದಿಲ್ಲ. ಸೀಬೆಯ ಕಸಿ ಗಿಡಗಳು ನರ್ಸರಿಯ ಮಣ್ಣಿನ ಚೀಲದೊಂದಿಗೆ ಊರೂರು ಸುತ್ತುತ್ತವೆ. ಕೋಲ್ಕತ್ತದ ದಕ್ಷಿಣಕ್ಕಿರುವ ಬಾರೂಯಿಪುರ ಸೀಬೆಗೆ ಹೆಸರಾದ ಊರು. ನಮ್ಮ ತೋಟಗಾರಿಕೆ ಇಲಾಖೆಗಳಂತೆ ಇಲ್ಲಿಯವರೂ ಗಿಡ ತರಿಸುವ ಮುನ್ನ ಬೇರು ತೊಳೆದು ನೋಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ.

ಎದುರು ಪಕ್ಷದವರ ಬಲವಾದ ವಾದವನ್ನು ನಾನು ಕಡೆಗಣಿಸುವುದಿಲ್ಲ. ಅವರು ಹೇಳುವುದು ಹೀಗೆ. ಸಣ್ಣ ರೈತನಿಗೆ ಒಂದು ಎಕರೆ ನೆಲ. ಸರದಿ ಮಾಡು, ಹೊಲ ಬೀಳು ಬಿಡು ಎಂದರೆ ಅವನು ಏನು ತಿನ್ನಬೇಕು? ಥಿಮೆಟ್ ಎಂದು ಎಲ್ಲರೂ ಕರೆಯುವ ಫೋರೇಟ್ ಹರಳಿನ ಬಳಕೆ 2020ರ ಡಿಸೆಂಬರ್ 31ಕ್ಕೆ ನಿಂತಿತು. ಅದು ನಿಂತದ್ದು ಒಳ್ಳೆಯದೇ. ವಿಷ ಹೋಯಿತು, ಸರದಿ ಆಗದು, ಹಾಗಾದರೆ ತಳಿ ಬಿಟ್ಟು ಇನ್ನೇನಿದೆ? ನಾನು ಈ ವಾದದ ಮೊದಲ ಭಾಗವನ್ನು ಪೂರ್ತಿ ಒಪ್ಪುತ್ತೇನೆ. ಅದಕ್ಕಾಗಿಯೇ ಎರಡನೇ ಭಾಗವನ್ನು ಒಪ್ಪುವುದಿಲ್ಲ. ವಿಷ ಇಲ್ಲದ ಕಾಲದಲ್ಲಿ ನಿರೋಧಕ ಜೀನ್ ಊರ ಕೆರೆಯಂತೆ ಎಲ್ಲರದು. ಒಬ್ಬೊಬ್ಬರೂ ಬೇಕಾದಷ್ಟು ಮೊಗೆದರೆ ಬೇಸಿಗೆಗೆ ತಳ ಕಾಣುತ್ತದೆ. ಅಪರೂಪದ ವಸ್ತುವನ್ನು ಎಚ್ಚರದಿಂದ ಬಳಸುವುದೇ ಬಡವನ ಹಿತ. ಸರದಿ ಎಂದರೆ ಹೊಲ ಬೀಳು ಬಿಡುವುದೂ ಅಲ್ಲ. ನೆಲಗಡಲೆ, ಎಳ್ಳು, ಸಾಸಿವೆ, ಚೆಂಡುಹೂವು ಇವೆಲ್ಲ ಮಾರಾಟದ ಬೆಳೆಗಳೇ. ಗುಂಡ್ಲುಪೇಟೆ ಕಡೆ ರೈತರು ಚೆಂಡುಹೂವು ಬೆಳೆದು ಮಾರುತ್ತಾರೆ. ಅದರ ಬೇರಿನ ರಸ ಹಲವು ಜಂತುಹುಳುಗಳಿಗೆ ವಿಷ. ಆದರೆ ಇಲ್ಲೂ ಯಾವ ಹುಳು ಎಂದು ತಿಳಿಯಬೇಕು. ಹೊಲದಲ್ಲಿ ಇನ್‌ಕಾಗ್ನಿಟಾ ಇದ್ದರೆ ನೆಲಗಡಲೆ ಅದನ್ನು ಉಪವಾಸ ಕೆಡವುತ್ತದೆ. ಅರೆನೇರಿಯಾ ಇದ್ದರೆ ಅದೇ ನೆಲಗಡಲೆ ಅದಕ್ಕೆ ಊಟ. ಹೊಲದ ಹುಳುವನ್ನು ಅರಿಯದೆ ತಳಿಯೂ ಕೆಲಸಕ್ಕೆ ಬಾರದು, ಸರದಿಯೂ ಕೆಲಸಕ್ಕೆ ಬಾರದು.

ನಮ್ಮ ಸರ್ಕಾರಗಳು ತಪ್ಪಿರುವುದು ಇಲ್ಲೇ. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿ ಹನ್ನೆರಡು ಅಂಶಗಳನ್ನು ಅಳೆಯುತ್ತದೆ: ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಜಂತುಹುಳುವಿಗೆ ಅದರಲ್ಲಿ ಒಂದು ಸಾಲೂ ಇಲ್ಲ. ಮಣ್ಣಿನಲ್ಲಿ ಜೀವಂತವಾಗಿರುವ, ಬೆಳೆ ತಿನ್ನುವ ಒಂದೂ ಪ್ರಾಣಿಯ ಲೆಕ್ಕ ಇಲ್ಲದ ಚೀಟಿಗೆ ಆರೋಗ್ಯದ ಹೆಸರು ಕೊಟ್ಟಿದ್ದೇವೆ. ದೇಶದ ಜಂತುಹುಳು ಸಂಶೋಧಕರು 2020ರಲ್ಲಿ ಲೆಕ್ಕಹಾಕಿದ ವಾರ್ಷಿಕ ನಷ್ಟ 10,000 ಕೋಟಿ ರೂಪಾಯಿಗೂ ಮಿಗಿಲು. ಭಾರತದಲ್ಲಿ ಬೇರುಗಂಟು ಹುಳು ಮೊದಲು ದಾಖಲಾದದ್ದು 1901ರಲ್ಲಿ, ಗುಂಡ್ಲುಪೇಟೆಯಿಂದ ಬಹಳ ದೂರವೇನಿಲ್ಲದ ನೀಲಗಿರಿಯ ದೇವಾಲದ ಚಹಾ ತೋಟದಲ್ಲಿ. ಬಂಗಾಳದ ಆಳನೀರಿನ ಭತ್ತಕ್ಕೆ ತಗಲುವ ಉಫ್ರಾ ರೋಗವೂ ಜಂತುಹುಳುವಿನದೇ ಎಂದು ಸಸ್ಯರೋಗ ವಿಜ್ಞಾನಿ ಎಡ್ವಿನ್ ಬಟ್ಲರ್ 1913ರಲ್ಲೇ ತೋರಿಸಿದರು. ಶತಮಾನ ಕಳೆದರೂ ರೈತನ ಕೈಗೆ ಹುಳುವಿನ ಲೆಕ್ಕ ಬಂದಿಲ್ಲ, ತಳಿಯ ಹೆಸರು ಮಾತ್ರ ಬಂದಿದೆ.

ಬಿತ್ತನೆ ಚೀಲದ ಮೇಲೆ ತಳಿ ಯಾವ ಪ್ರಭೇದದ, ಯಾವ ಉಪಜಾತಿಯ ಹುಳುವಿಗೆ, ಎಷ್ಟು ಬಿಸಿಯವರೆಗೆ ತಾಳುತ್ತದೆ, ಹುಳುವನ್ನು ಕಡಿಮೆ ಮಾಡುತ್ತದೆಯೋ ಇಳುವರಿ ಮಾತ್ರ ಉಳಿಸುತ್ತದೆಯೋ ಎಂದು ಕನ್ನಡದಲ್ಲೂ ಬಂಗಾಳಿಯಲ್ಲೂ ಅಚ್ಚಾಗಬೇಕು. ಹಾಗೆ ಅಚ್ಚು ಹಾಕಲಾಗದ ಚೀಲದ ಮೇಲೆ ನಿರೋಧಕ ಎಂಬ ಮಾತೇ ಇರಕೂಡದು.

ಮಣ್ಣಿನ ಪರೀಕ್ಷೆ ದುಬಾರಿ ಎನ್ನುವವರಿಗೆ ಒಂದು ಮಾತು. ಬೇರ್ಮನ್ ಎಂಬ ವೈದ್ಯ 1917ರಲ್ಲಿ, ಮನುಷ್ಯರ ಕೊಕ್ಕೆಹುಳು ಹುಡುಕಲು, ಒಂದು ಆಲಿಕೆಯನ್ನು ಬಳಸಿದ. ಆಲಿಕೆಯ ಕೆಳಗೆ ರಬ್ಬರ್ ನಳಿಗೆ, ನಳಿಗೆಗೆ ಒಂದು ಕ್ಲಿಪ್. ಮೇಲೆ ಜಾಲರಿ, ಜಾಲರಿಯ ಮೇಲೆ ತೆಳು ಕಾಗದ ಅಥವಾ ಬಟ್ಟೆ, ಅದರಲ್ಲಿ ಒಂದು ಹಿಡಿ ಮಣ್ಣು, ಮಣ್ಣು ತೋಯುವಷ್ಟು ನೀರು. ಒಂದು ರಾತ್ರಿ ಬಿಟ್ಟರೆ ಜೀವಂತ ಹುಳುಗಳು ಕಾಗದ ದಾಟಿ ನೀರಿಗಿಳಿದು ನಳಿಗೆಯ ತಳ ಸೇರುತ್ತವೆ. ಬೆಳಿಗ್ಗೆ ಕ್ಲಿಪ್ ಬಿಟ್ಟು ಕೆಲವು ಹನಿ ನೀರನ್ನು ಸೂಕ್ಷ್ಮದರ್ಶಕದಡಿ ಇಟ್ಟು ಎಣಿಸಬಹುದು. ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಯಾವ ವಿದ್ಯಾರ್ಥಿಯೂ ಇದನ್ನು ಕಲಿಯಬಲ್ಲ. ಸಿಸ್ಟ್ ಹುಳು ಹೀಗೆ ಈಜಿ ಬರುವುದಿಲ್ಲ. ಅದಕ್ಕೆ ಒಣಮಣ್ಣನ್ನು ನೀರಿನಲ್ಲಿ ಕದಡಿ ತೇಲುವ ಚಿಪ್ಪುಗಳನ್ನು ಜರಡಿ ಹಿಡಿಯಬೇಕು. ಪ್ರಭೇದ ಗುರುತಿಸಲು ಮಾತ್ರ ವಿಶ್ವವಿದ್ಯಾಲಯಕ್ಕೆ ಮಾದರಿ ಕಳಿಸಿದರೆ ಸಾಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲೂ ಮೋಹನ್‌ಪುರದಲ್ಲೂ ಅದಕ್ಕೆ ತಿಳಿದವರಿದ್ದಾರೆ. ಮಾದರಿಯನ್ನು ಗಡ್ಡೆ ಕಿತ್ತ ವಾರದಲ್ಲೇ, ಗೇಣುದ್ದ ಆಳದಿಂದ, ಹೊಲದ ಹತ್ತಾರು ಕಡೆಯಿಂದ ತೆಗೆಯಬೇಕು. ಆಗ ಹುಳು ಹೆಚ್ಚಿರುತ್ತದೆ. ಹೂಗ್ಲಿಯಲ್ಲಿ ಅದು ಮಾರ್ಚ್, ಹಾಸನದಲ್ಲಿ ಸೆಪ್ಟೆಂಬರ್. ಅಂದರೆ ಹಾಸನದ ಎಪಿಎಂಸಿಗೆ ಮೇ ತಿಂಗಳ ಲಾರಿ ಬರುವುದಕ್ಕೆ ಮೊದಲು ಏಳೆಂಟು ತಿಂಗಳು ನಮ್ಮ ಕೈಯಲ್ಲಿರುತ್ತದೆ, ಹೂಗ್ಲಿಯ ರೈತನಿಗೂ ನವೆಂಬರ್ ಬಿತ್ತನೆಗೆ ಅಷ್ಟೇ ಕಾಲಾವಕಾಶ.